ಹಿಂದಿನ ಸೀಟಿನ ತಂಪು

“ಮತ್ತ ಕೆಟ್ಟದೇನ್ರಿ, ಮೇಡಂ?”

ಬಾನೆಟ್ ಎತ್ತುತ್ತಾ ಹರಿ ಕೇಳಿದ. ಆ ಬೇಸಿಗೆಯಲ್ಲಿ ನರ್ಮದಾಳ ಕಾರಿನ ಎಸಿ ಕೆಟ್ಟಿದ್ದು ಇದು ಮೂರನೆಯ ಸಲ. ಗುಲ್ಬರ್ಗಾದಲ್ಲಿ ಎಸಿ ರಿಪೇರಿಯ ಅಂಗಡಿ ಇಟ್ಟಿದ್ದ ಹರಿ ಪ್ರತಿ ಸಲವೂ ತಾನೇ ಜೇವರ್ಗಿಗೆ ಬರುತ್ತಿದ್ದ.

“ಗಾಳಿ ಬರ್ತದ್ರಿ. ತಂಪು ಬರೂದಿಲ್ಲ,” ಅಂದಳು ನರ್ಮದಾ. ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಮಾತು ಎಸಿಯದಾದರೂ ಕಣ್ಣು ಅವನ ತೋಳಿಗೆ ಮೆತ್ತಿದ್ದ ಗ್ರೀಸಿನ ಮೇಲಿತ್ತು. ಅವನು ತಲೆ ಎತ್ತಿದ. ಅವಳು ತಟ್ಟನೆ ಬೇವಿನ ಮರ ನೋಡಿದಳು.

ಅವಳ ಗಂಡ, ವಕೀಲ ದತ್ತಾತ್ರೇಯ, ತೀರಿಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ವತ್ಸಲಾಬಾಯಿ. ಮುಂದಿನ ವಾರ ಕಾರು ಮಾರಿ, ಇಬ್ಬರೂ ಸೊಲ್ಲಾಪುರದಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಿಬಿಡುವುದೆಂದು ಅತ್ತೆ ಗೊತ್ತು ಮಾಡಿದ್ದರು.

ಹರಿ ಎಂಜಿನ್ ಶುರು ಮಾಡಿಸಿ ಎಸಿ ಸ್ವಿಚ್ ಒತ್ತಿಸಿದ. ತಂಪು ಹುಟ್ಟಿಸುವ ಕಂಪ್ರೆಸರಿನ ಕ್ಲಚ್ ಹಿಡಿದರೆ ‘ಟಕ್’ ಎನ್ನಬೇಕು. ಅನ್ನಲಿಲ್ಲ. ಫ್ಯೂಸ್ ಸರಿಯಿತ್ತು, ಗ್ಯಾಸೂ ಸಾಕಷ್ಟಿತ್ತು. ಟೆಸ್ಟ್ ಲ್ಯಾಂಪ್ ಹಿಡಿದು ವೈರಿನ ಜಾಡು ಹುಡುಕಿದ. ಕ್ಲಚ್ಚಿನ ಹತ್ತಿರ ವೈರಿನ ಪ್ಲಗ್ ಬಿಚ್ಚಿಕೊಂಡಿತ್ತು. ತಾನಾಗಿ ಬಿಚ್ಚಿದ್ದಲ್ಲ, ಯಾರೋ ಹಗೂರಕ್ಕೆ ಒತ್ತಿ ಎಳೆದದ್ದು. ಧೂಳಿನ ಮೇಲೆ ತೆಳ್ಳಗಿನ ಬೆರಳಿನ ಗುರುತು.

ಅವನಿಗೆ ನಗು ಬಂತು. ಅವಳ ಬೆರಳುಗಳತ್ತ ನೋಡಿದ. ಪ್ಲಗ್ ಕೂಡಿಸದೆಯೇ ಬಾನೆಟ್ ಮುಚ್ಚಿದ.

“ಒಂದು ರೌಂಡ್ ಹೋಗಿ ನೋಡೋಣ ಬರ್ರಿ. ಗ್ಲಾಸ್ ಏರಸ್ರಿ.”

ಬೆವರಿಳಿದರೆ ತಾನೇ ಬಾಯಿಬಿಡುತ್ತಾಳೆ ಎಂದುಕೊಂಡು ಯಡ್ರಾಮಿ ರಸ್ತೆಗೆ ಕಾರು ತಿರುಗಿಸಿದ. ಮೇ ತಿಂಗಳ ಮಟಮಟ ಮಧ್ಯಾಹ್ನ. ಎರಡೂ ಕಡೆ ಬಿರುಕುಬಿಟ್ಟ ಕರಿ ಹೊಲ. ನರಪಿಳ್ಳೆಯೂ ಇರಲಿಲ್ಲ, ಹಕ್ಕಿಯ ಸದ್ದೂ ಇರಲಿಲ್ಲ.

“ಸೆಕಿ ಆಗಾಕತ್ತದೇನ್ರಿ?” ಓರೆಗಣ್ಣಿನಲ್ಲಿ ಕೇಳಿದ.

“ಇಲ್ರಿ.” ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು.

“ಏನರೇ ಹೇಳೂದು ಅದ ಏನು?”

“ನಿಮಗ ಏನರೇ ಕೇಳೂದು ಅದ ಏನು?”

ಇಬ್ಬರೂ ನಕ್ಕರು. ಆಗ ತಂಪು ಬಂತು.

ಮುಂದಿನಿಂದಲ್ಲ, ಹಿಂದಿನಿಂದ. ಮೊದಲು ಕತ್ತಿಗೆ, ಆಮೇಲೆ ಬೆನ್ನಿಗೆ. ಹರಿ ಬ್ಲೋವರ್ ಬಂದ್ ಮಾಡಿದ. ತಂಪು ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಕಿಟಕಿಯ ಗಾಜು ಒಳಗಿನಿಂದ ಬೆಳ್ಳಗೆ ಮಂಜುಗಟ್ಟುತ್ತಿತ್ತು.

ನರ್ಮದಾ ಇನ್ನೂ ನಗುತ್ತಲೇ ಇದ್ದಳು. “ಅಂದ್ರ ಕೂಡಿಸೀರಿ.”

“ಏನು ಕೂಡಿಸೇನಿ?”

ಅವಳು ನಾಲಿಗೆ ಕಚ್ಚಿಕೊಂಡಳು. ಕೆನ್ನೆ ಕೆಂಪಾಯಿತು. “ವೈರ್... ನಾನೇ ಬಿಚ್ಚಿದ್ದೆ. ಮೂರೂ ಸಲ, ಬ್ಯಾರೆ ಬ್ಯಾರೆ ಕಡೆ. ಕಾರು ಕೆಡದಿದ್ರ ನೀವು ಯಾಕ ಬರ್ತೀರಿ?”

ಎಷ್ಟೋ ದಿನದಿಂದ ಹಂಬಲಿಸಿದ್ದ ಮಾತು. ಆದರೆ ಅವನ ಕಣ್ಣು ಕನ್ನಡಿಯಿಂದ ಕದಲಲಿಲ್ಲ. ಮೊದಲ ಬಾರಿ ಅವಳನ್ನು ಹೆಸರಿನಿಂದ ಕರೆದ.

“ನರ್ಮದಾ, ನಾ ಅದನ್ನ ಕೂಡಿಸಿಲ್ಲ.”

ಕಾರು ನಿಲ್ಲಿಸಿ ಇಬ್ಬರೂ ಇಳಿದರು. ಬಾನೆಟ್ಟಿನ ಕೆಳಗೆ ಪ್ಲಗ್ ಹಾಗೆಯೇ ಜೋತಾಡುತ್ತಿತ್ತು. ಎಂಜಿನ್ ಓಡುತ್ತಿದ್ದರೂ ಕ್ಲಚ್ ಕಲ್ಲಿನಂತೆ ನಿಂತಿತ್ತು.

ಅವಳು ಹಿಂದಿನ ಕಿಟಕಿಯನ್ನೇ ನೋಡುತ್ತಾ ನಿಂತಳು. “ಗುಲ್ಬರ್ಗಾದ ದವಾಖಾನಿಗೆ ಕರಕೊಂಡು ಹೋಗೋವಾಗ ನಮ್ಮ ಮನಿಯವರನ್ನ ಅಲ್ಲೇ ಮಲಗಿಸಿದ್ದೆ. ‘ಥಂಡಿ ಹತ್ತಾಕತ್ತದ, ಎಸಿ ಬಂದ್ ಮಾಡು’ ಅಂದ್ರು. ಎಸಿ ಹಚ್ಚೇ ಇರಲಿಲ್ಲ. ನಾ ಕಾರು ಓಡಸಾಕತ್ತಿದ್ದೆ, ಹಿಂದ ತಿರುಗಿ ನೋಡಲಿಲ್ಲ. ಆಮ್ಯಾಲ ಅವರು ಮಾತಾಡಲೇ ಇಲ್ಲ.”

ಹರಿ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಮೆಲ್ಲಗೆ ಅಂದ: “ನಾ ಬರೂದು ಅವರಿಗೆ ಬ್ಯಾಡಾಗಿದ್ರ, ಇಲ್ಲಿಂದಲೇ ಬಸ್ ಹಿಡಿತೇನಿ.”

“ನಿಲ್ರಿ.”

ಅವಳು ಹಿಂದಿನ ಬಾಗಿಲು ತೆಗೆದು ಕುಳಿತು, ಮುಚ್ಚಿಕೊಂಡಳು. ಮಂಜಿನ ಗಾಜಿನಾಚೆ ಹರಿಗೆ ಕಂಡದ್ದು ಅವಳ ಹಳದಿ ಸೆರಗು, ಅಲುಗುವ ತುಟಿ, ಪಕ್ಕಕ್ಕೆ ಚಾಚಿದ ಕೈ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಗಾಜು ತಾನಾಗಿ ತಿಳಿಯಾಯಿತು. ಅವಳು ಇಳಿದಳು. ಕಣ್ಣು ಒದ್ದೆ, ತುಟಿ ಬಿಳಿಚಿತ್ತು.

“ಏನಂದ್ರಿ ಅವರಿಗೆ?”

“ನಿಮ್ಮ ಹೆಸರು ಹೇಳಿದೆ.”

“ಮತ್ತ ಅವರು?”

“ಮೊದಲ ಕೂಡಾಕ ಜಾಗಾನೇ ಸಾಲಲಿಲ್ಲ. ಹೇಳಿದ ಮ್ಯಾಲ...” ಅವಳು ಉಗುಳು ನುಂಗಿದಳು. “ಸರಕೊಂಡ್ರು.”

ಹರಿ ಅವಳ ಕೈ ಹಿಡಿದ. ಆಳದ ಬಾವಿಯ ನೀರಿನಷ್ಟು ತಣ್ಣಗಿತ್ತು. ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಬಿಸಿಲಿಗೆ ಹಿಡಿದ.

“ಬಿಡ್ರಿ, ಯಾರರೇ ನೋಡ್ತಾರ.”

“ನೋಡ್ಲಿ.”

ಅವಳು ಬಿಡಿಸಿಕೊಳ್ಳಲಿಲ್ಲ. ಬೆರಳುಗಳು ಒಂದೊಂದಾಗಿ ಬೆಚ್ಚಗಾದವು.

ಸಂಜೆ ಪಡಸಾಲೆಯಲ್ಲಿ ನರ್ಮದಾ ಅತ್ತೆಯ ಮುಂದೆ ಕುಳಿತು ಎಲ್ಲ ಹೇಳಿದಳು. ಸೊಲ್ಲಾಪುರಕ್ಕೆ ಬರುವುದಿಲ್ಲ, ಹರಿಯನ್ನು ಮದುವೆಯಾಗುತ್ತೇನೆ, ನೀವು ನಮ್ಮ ಜೊತೆಗೇ ಇರಬೇಕು ಎಂದಳು. ಹೊಲದ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ನಡೆದದ್ದನ್ನು ಮಾತ್ರ ಎತ್ತಲಿಲ್ಲ. ವತ್ಸಲಾಬಾಯಿ ಅಂಗಳದಲ್ಲಿ ನಿಂತಿದ್ದ ಕಾರಿನತ್ತ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ದತ್ತೂಗ ಹೇಳಿದ್ಯೇನು?”

ನರ್ಮದಾ ಬೆಚ್ಚಿದಳು. “ಹೇಳೇನ್ರಿ, ಅತ್ಯಾ.”

“ಮತ್ತ ನನ್ನ ಕೇಳೂದೇನದ?”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸ್ತಿಲಾಚೆ ತಿರುಗಿದರು. “ಅಲ್ಲೇ ಯಾಕ ನಿಂತೀಯೋ ಹರಿ? ಒಳಗ ಬಾ.”