ಅಂಗೈ ಮೇಲಿನ ಸಿಕ್ಕಾ

ಜೂನ್ ಹತ್ತೊಂಬತ್ತರ ಬೆಳಿಗ್ಗೆ ಗಂಗಾವತಿಯ ಠಾಣೆಗೆ ಬಂದ ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್ ಕರಿಬಸಪ್ಪ, ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದರು.

“ಸಿಕ್ಕಾ ಸಿಗವಲ್ದ್ರಿ.”

ದುಂಡನೆಯ ಮೊಹರಿಗೆ ಈ ಕಡೆ ಸಿಕ್ಕಾ ಎನ್ನುತ್ತಾರೆ. ಸಿಕ್ಕಾ ಸಿಗುತ್ತಿಲ್ಲವೆಂದರೆ ಯಾರಿಗಾದರೂ ನಗು ಬರುತ್ತದೆ. ಹೆಡ್ ಕಾನ್‌ಸ್ಟೆಬಲ್ ಬಾಬಾಸಾಬ ಕೆಮ್ಮಿ ಮರೆಮಾಚಿದರು. ಇನ್‌ಸ್ಪೆಕ್ಟರ್ ರೇಣುಕಾದೇವಿ ನಗಲಿಲ್ಲ. ಕಾಲೇಜಿನ ಮೊಹರು ಕೆಟ್ಟ ಕೈಗೆ ಸೇರಿದರೆ ಓದದವರೂ ಪದವೀಧರರಾಗುತ್ತಾರೆ.

“ಯಾರ ಮ್ಯಾಲ ಸಂಶಯ?”

“ರೂಪಾ ಅಂತ, ಬಿ.ಎ. ಓದೋ ಹುಡುಗಿ. ಕ್ಲಾಸ್ ಮುಗಿದ ಮ್ಯಾಲ ನಮ್ಮಲ್ಲೇ ಪಾರ್ಟ್‌ಟೈಮ್ ಮಾಡ್ತಾಳ. ಸಿಕ್ಕಾ ನಿನ್ನೆತನಕ ಆಕಿ ಟೇಬಲ್ಲಿನ ಡ್ರಾಯರಿನಾಗ ಇತ್ತು. ಸಿಗೋತನಕ ಕೆಲಸಕ್ಕ ಬರಬ್ಯಾಡ ಅಂದೀನ್ರಿ.”

ಎಫ್‌ಐಆರ್ ದಾಖಲಾಯಿತು. ಆ ಕೆಲಸ ಹೋದರೆ ರೂಪಾಳ ಓದೂ ಅಲ್ಲಿಗೇ ನಿಲ್ಲುತ್ತದೆಂದು ಕರಿಬಸಪ್ಪನವರೇ ಹೇಳಿದರು, ನೆಲ ನೋಡುತ್ತ.

ಹನ್ನೊಂದಕ್ಕೆ ಕಾಲೇಜಿನಲ್ಲಿ ಪಂಚನಾಮೆ. ಗೋಂದಿನ ವಾಸನೆ, ಹಳೆಯ ಫೈಲುಗಳ ಧೂಳು. ಕೊಪ್ಪಳದಲ್ಲಿ ಓದುವಾಗ ರೇಣುಕಾದೇವಿಯೂ ಇಂಥದೇ ಟೇಬಲ್ಲಿಗೆ ಕೂತು ಲಕೋಟೆ ಅಂಟಿಸಿದವರು. ಹಸಿವಿನ ದಿನಗಳು, ಆದರೂ ಎಷ್ಟು ಚಂದದ ದಿನಗಳು.

ಬಾಬಾಸಾಬ ಎಷ್ಟು ಜಗ್ಗಿದರೂ ಡ್ರಾಯರ್ ಬರಲಿಲ್ಲ. ಕರೆಸಿದ್ದ ರೂಪಾ ಅಳು ನುಂಗಿಕೊಂಡು ಕೆಳಗಿನಿಂದ ಮೊಣಕಾಲು ಕೊಟ್ಟಳು. ಡ್ರಾಯರ್ ಜಾರಿತು.

“ನೋಡ್ರಿ, ಇದು ಆಕಿಗೊಬ್ಬಾಕಿಗೇ ಗೊತ್ತು,” ಎಂದರು ಕರಿಬಸಪ್ಪ.

ರೇಣುಕಾದೇವಿ ರೂಪಾಳ ಎಡಗೈ ಹಿಡಿದು ತಿರುಗಿಸಿದರು. ಅಂಗೈ ತುಂಬ ನೇರಳೆ ಮಸಿ.

“ಇದೇನವ್ವ?”

“ಕಾಗದಕ್ಕ ಹೊಡಿಯೂಮುಂದ ಮೊದ್ಲು ಅಂಗೈಗೆ ಒತ್ತಿ ನೋಡ್ತೀನ್ರಿ. ಮಸಿ ಹೆಚ್ಚಾದ್ರ ಸರ್ಟಿಫಿಕೇಟ್ ಕೆಡತೈತಿ.”

“ಯಾರು ಕಲಿಸಿದ್ರು?”

“ನನಗಿಂತ ಮೊದ್ಲಿದ್ದಾಕಿ. ಮೊಣಕಾಲು ಕೊಡೂದನ್ನೂ ಆಕಿನ ಹೇಳಿದ್ಳು.”

ಅಂದರೆ ಈ ಕುರ್ಚಿಯಲ್ಲಿ ಕೂತವರಿಗೆಲ್ಲ ಗೊತ್ತು. “ನಿನ್ನೆ ಹಳಬರು ಯಾರಾದ್ರೂ ಬಂದಿದ್ರೇನು?”

“ಒಬ್ಬ ಅಣ್ಣಾರು ಬಂದಿದ್ರು, ತಂಗಿ ಮಗಳ ಅಡ್ಮಿಷನ್ನಿಗೆ. ನಾನೂ ಇಲ್ಲೇ ಕುಂತು ಓದೀನಿ ಅಂದ್ರು. ಅಂಗೀ ಮ್ಯಾಲ ತೌಡಿತ್ತು. ಕಾಲೇಜಿನ ಹೆಸರು ಬದಲಾಗೈತಿ, ಸೋಮವಾರ ಹಳೇ ಸಿಕ್ಕಾ ಒಡೀತಾರ ಅಂತ ಹೇಳಿದೆ. ಚಹಾ ತರಾಕ ಹೋಗಿ ಬರೂದ್ರಾಗ ಹೋಗಿಬಿಟ್ಟಿದ್ರು.”

ಕರಿಬಸಪ್ಪನವರ ಮುಖ ಇಳಿಯಿತು. “ಹಾಲೇಶ ಇರಬೇಕ್ರಿ. ಕಾರಟಗಿ ರೈಸ್ ಮಿಲ್ಲಿನಾಗ ಅದಾನ. ಭಾಳ ಛಲೋ ಹುಡುಗ.”

ಮಧ್ಯಾಹ್ನ ಕಾರಟಗಿಯ ಮಿಲ್ಲಿನಲ್ಲಿ ಜೀಪು ನಿಂತಾಗ ಹಾಲೇಶ ಅಕ್ಕಿ ಚೀಲಗಳಿಗೆ ಗುರುತು ಹಾಕಿಸುತ್ತಿದ್ದ. ತಲೆಗೂದಲು ಅಲ್ಲಲ್ಲಿ ನೆರೆತಿತ್ತು.

“ಎಡಗೈ ತೋರಸ್ರಿ.”

ಅವನು ತೋರಿಸಿದ. ಅಂಗೈ ನಡುವೆ ದುಂಡಗೆ, ಅಚ್ಚುಕಟ್ಟಾಗಿ, ಕಾಲೇಜಿನ ಹಳೆಯ ಹೆಸರು. ಕೇಳುವ ಮೊದಲೇ ಊಟದ ಚೀಲದಿಂದ ಸಿಕ್ಕಾ ತೆಗೆದುಕೊಟ್ಟ.

“ಯಾಕ ತಂದ್ರಿ?”

“ಊರ ಮಂದಿ ಸರ್ಟಿಫಿಕೇಟಿಗೆಲ್ಲ ನಾನ ಹೊಡದೀನ್ರಿ. ಕಡೀ ವರ್ಷ ಅಪ್ಪ ತೀರ್ಕೊಂಡ, ಓದು ಬಿಟ್ಟು ಇಲ್ಲಿಗೆ ಬಂದೆ. ನನ್ನ ಸರ್ಟಿಫಿಕೇಟಿಗೆ ಹೊಡಿಯೂ ದಿನ ಬರಲೇ ಇಲ್ಲ. ಒಡೀತಾರ ಅಂದ ಕೂಡ್ಲೆ ತಡಕೊಳ್ಳಾಕ ಆಗ್ಲಿಲ್ರಿ.”

“ಆ ಹುಡುಗಿ ಕೆಲಸ ಹೋಗೈತಿ.”

ಅದು ಅವನಿಗೆ ಹೊಳೆದೇ ಇರಲಿಲ್ಲ. “ಆಕಿನ್ನ ಅದ ಕುರ್ಚಿಗೆ ಕುಂದ್ರಸ್ರಿ. ನಾ ಬರ್ತೀನಿ,” ಎಂದು ತಾನೇ ಜೀಪು ಹತ್ತಿದ.

ಬಂಧನ ದಾಖಲಾಯಿತು. ಸಿಕ್ಕಾ ಜಪ್ತಿಯಾಯಿತು. ರೇಣುಕಾದೇವಿ ಫೋನ್ ಮಾಡಿದಾಗ ಕರಿಬಸಪ್ಪ, ರೂಪಾ ನಾಳೆಯಿಂದಲೇ ಬರಲಿ ಎಂದರು, ದನಿ ಸಣ್ಣದಾಗಿತ್ತು.

ಬೆರಳಚ್ಚು ತೆಗೆಯುವ ಮುನ್ನ ಬಾಬಾಸಾಬ ಸಾಬೂನು ತಂದಿಟ್ಟರು. ಹಾಲೇಶ ಬಲಗೈ ಮುಂದೆ ಮಾಡಿದ. ಎಡಗೈ ಮುಷ್ಟಿಯಾಗಿಯೇ ಇತ್ತು.

“ತೊಳದ್ರ ಹೋಗ್ತೈತ್ರಿ, ಮೇಡಂ,” ಎಂದ.

ರೇಣುಕಾದೇವಿ ಸಾಬೂನನ್ನು ಪಕ್ಕಕ್ಕೆ ಸರಿಸಿದರು.

“ಬೆರಳಷ್ಟ ಒರಸ್ರಿ, ಬಾಬಾಸಾಬ. ಅಂಗೈ ಬಿಡ್ರಿ.”