ದಾರಿ ಗೊತ್ತಿದ್ದ ಇಲಿ

“ಇಲಿ ಅಂದ್ರ ಇಲಿ. ನಿಮ್ಮ ಚಿಗವ್ವಗ ಏನ್ ಗೊತ್ತಾಗತೈತಿ?” ಎನ್ನುತ್ತ ಪಕ್ಕದ ಮನೆಯ ಹುಡುಗ ಎರ್ರಣ್ಣ ಬೋನಿನ ಬಾಯಿಯನ್ನು ಪಂಜರದ ಬಾಗಿಲಿಗೆ ಹಿಡಿದ.

ಬೋನಿನಲ್ಲಿದ್ದ ಇಲಿ ಸರಕ್ಕನೆ ಪಂಜರಕ್ಕೆ ನುಗ್ಗಿ ಮೂಲೆ ಸೇರಿತು. ಎಲ್ಲರೂ ಕೊಟ್ರಿ ಎಂದು ಕರೆಯುವ ಕೊಟ್ರಬಸಮ್ಮ ತಟ್ಟನೆ ಬಾಗಿಲು ಮುಚ್ಚಿದಳು. ಅದೇ ಬೂದು ಮೈ, ಅದೇ ಉದ್ದ ಬಾಲ. ಆದರೂ ಅವಳು ಮತ್ತೆ ಮತ್ತೆ ಬೀದಿ ಬಾಗಿಲ ಕಡೆ ನೋಡಿದಳು.

ಚಿಗವ್ವ ಸಾಕಿದ್ದ ಇಲಿ, ನಿಜವಾದ ಛೋಟು, ಮಧ್ಯಾಹ್ನವೇ ತಪ್ಪಿಸಿಕೊಂಡಿತ್ತು. ಕೈಯಾರೆ ಶೇಂಗಾ ತಿನ್ನಿಸುವ ಆಸೆಯಿಂದ ಕೊಟ್ರಿ ಪಂಜರ ತೆರೆದಿದ್ದಳು. ಛೋಟು ಅವಳ ತೋಳಿನ ಮೇಲೆ ಹತ್ತಿ, ಕೆಳಗೆ ಜಿಗಿದು, ಕಟ್ಟಿಗೆ ರಾಶಿಯ ಹಿಂದೆ ಮಾಯವಾಗಿತ್ತು.

ಕೊಟ್ರಿಯ ಚಿಗವ್ವ, ಅಂದರೆ ಚಿಕ್ಕಮ್ಮ, ವೀರಭದ್ರಮ್ಮ ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಬ್ರೂಸ್‌ಪೇಟೆಯ ಮನೆಯ ಹಿಂದಿನ ಕೋಣೆಯಲ್ಲಿ ಅವಳದೊಂದು ಅಗಲವಾದ ಮರದ ಪೆಟ್ಟಿಗೆ ಇತ್ತು. ಒಳಗೆ ತೆಳು ಹಲಗೆ ನಿಲ್ಲಿಸಿ ಓಣಿಗಳನ್ನು ಮಾಡಿ, ಮೇಲೆ ಜಾಲರಿ ಹೊದಿಸಿದ್ದಳು. ಕೆಲವು ಓಣಿ ಮುಂದೆ ಹೋಗುತ್ತಿದ್ದವು, ಕೆಲವು ಹಲಗೆಗೆ ಬಡಿದು ನಿಲ್ಲುತ್ತಿದ್ದವು. ಈ ತುದಿಯಲ್ಲಿ ಇಲಿ, ಆ ತುದಿಯಲ್ಲಿ ಶೇಂಗಾ. ಇಲಿಯ ಮೆದುಳು ದಾರಿಯನ್ನು ಹೇಗೆ ಕಲಿಯುತ್ತದೆ ಎಂಬುದೇ ಅವಳ ಸಂಶೋಧನೆ.

“ವೀರಭದ್ರಮ್ಮ ಇಲಿಗೂ ಸಾಲಿ ತೆಗದಾಳ,” ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

ದಾರಿಯನ್ನೆಲ್ಲ ಕಲಿತಿದ್ದ ಛೋಟುವಿನ ಓಟ ನೋಡಲು ಮರುದಿನ ಮದ್ರಾಸಿನಿಂದ ಪ್ರೊಫೆಸರ್ ಬರುವವರಿದ್ದರು.

ಸಂಜೆ ಕಾಲೇಜಿನಿಂದ ಬಂದವಳೇ ಚಿಗವ್ವ ಪಂಜರವನ್ನು ಪೆಟ್ಟಿಗೆಗೆ ಜೋಡಿಸಿದಳು. ಹೊಸ ಇಲಿ ಒಳಗೆ ಹೋಯಿತು. ಹಲಗೆಗೆ ಮೂಗು ತಾಗಿಸಿ ಹಿಂದೆ ಬಂತು. ಇನ್ನೊಂದು ಓಣಿಗೆ ಹೊಕ್ಕಿತು, ಅಲ್ಲೂ ಹಲಗೆ. ಕೊನೆಗೆ ಜಾಲರಿಗೆ ಹಲ್ಲು ಹಾಕಿ ಜೋತುಬಿದ್ದಿತು.

“ಅದಕ್ಕ ಜ್ವರ ಬಂದಿರಬೇಕು ಅಕ್ಕಾರ,” ಎಂದ ಬಾಗಿಲಲ್ಲಿ ನಿಂತಿದ್ದ ಎರ್ರಣ್ಣ.

ಚಿಗವ್ವ ನಗಲಿಲ್ಲ. ನೆಲಕ್ಕೆ ಕುಳಿತುಬಿಟ್ಟಳು. “ಒಂದ ದಿನದಾಗ ಎಲ್ಲಾ ಮರತೈತಿ. ಹಂಗಾದ್ರ ನಾ ತಿಳಕೊಂಡಿದ್ದ ತಪ್ಪೇನೋ. ಬರಬ್ಯಾಡ್ರಿ ಅಂತ ಪ್ರೊಫೆಸರಿಗೆ ತಂತಿ ಕೊಡತೀನಿ.”

ಅವಳು ಹೀಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಕೊಟ್ರಿ ಕೇಳಿಯೇ ಇರಲಿಲ್ಲ.

“ಚಿಗವ್ವಾ, ನಿಂದೇನೂ ತಪ್ಪಿಲ್ಲ,” ಎಂದಳು. “ಅದು ಛೋಟು ಅಲ್ಲ. ಛೋಟು ನನ್ನ ಕೈಯಾಗಿಂದ ಓಡಿಹೋತು. ಇದು ಬೋನಿನಾಗ ಬಿದ್ದಿದ್ದು.”

ಚಿಗವ್ವ ಅವಳನ್ನೇ ನೋಡಿದಳು. ಜಾಲರಿಗೆ ಜೋತುಬಿದ್ದ ಇಲಿಯನ್ನು ನೋಡಿದಳು. ಇದ್ದಕ್ಕಿದ್ದಂತೆ ಅವಳಿಗೆ ನಗು ತಡೆಯಲಾಗಲಿಲ್ಲ.

“ನೀ ಮೊದಲ ಹೇಳಬೇಕಿತ್ತು ನೋಡು,” ಎಂದು ಕಣ್ಣೊರೆಸಿಕೊಂಡಳು. “ಇರ್ಲಿ. ಛೋಟು ಇನ್ನೂ ಉಂಡಿಲ್ಲ. ಉಣ್ಣಾಕ ಎಲ್ಲಿಗಿ ಬರತೈತಿ, ಹೇಳು?”

ಹೊಸ ಇಲಿಯನ್ನು ಮತ್ತೆ ಬೋನಿಗೆ ಬಿಟ್ಟು ಹೊರಗಿಟ್ಟರು. ಪೆಟ್ಟಿಗೆಯ ಆ ತುದಿಗೆ ಹೊಸ ಶೇಂಗಾ ಇಟ್ಟು, ಈ ತುದಿಯ ಬಾಗಿಲು ತೆರೆದು, ಮೂವರೂ ಹೊಸ್ತಿಲಲ್ಲಿ ಉಸಿರು ಬಿಗಿಹಿಡಿದು ಕುಳಿತರು.

ಕಟ್ಟಿಗೆಯ ಸಂದಿಯಲ್ಲಿ ಮೊದಲು ಮೀಸೆ ಕಂಡಿತು. ಆಮೇಲೆ ಮೂಗು. ಇಲಿಯೊಂದು ಗೋಡೆಗುಂಟ ಬಂದು ಪೆಟ್ಟಿಗೆಯೊಳಗೆ ನುಗ್ಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ಎಲ್ಲೂ ನಿಲ್ಲಲಿಲ್ಲ. ಕುಟುಕುಟು ಎಂದು ಶೇಂಗಾ ಕಡಿಯುವ ಸದ್ದು ಕೇಳಿತು.

ಚಿಗವ್ವ ಮೆಲ್ಲಗೆ ಪೆಟ್ಟಿಗೆಯ ಬಾಗಿಲು ಇಳಿಸಿದಳು. “ಇದು ಛೋಟುನ ಅಂತ ಹ್ಯಾಂಗ ಹೇಳ್ತಿ?”

“ಒಂದೂ ಓಣಿ ತಪ್ಪಲಿಲ್ಲಲ್ಲ ಚಿಗವ್ವ,” ಎಂದಳು ಕೊಟ್ರಿ.

ಮರುದಿನ ಸಾಲಿಗೆ ಹೋಗುವಾಗ ಕೊಟ್ರಿ, ಎರ್ರಣ್ಣ ಇಬ್ಬರೂ ಹೊಸ ಇಲಿಯನ್ನು ಹಿಡಿದಿದ್ದ ಜಾಗಕ್ಕೇ ಒಯ್ದರು. ಅದು ಎತ್ತಿನ ಬಂಡಿಗಳು ನಿಲ್ಲುವ ಬಯಲು.

“ನಡಿಯಲೇ ದಡ್ಡ,” ಎಂದು ಎರ್ರಣ್ಣ ಬೋನು ತೆರೆದ.

ಇಲಿ ಕ್ಷಣವೂ ತಡೆಯಲಿಲ್ಲ. ಬಂಡಿಯ ಗಾಲಿಯ ಕೆಳಗೆ ನುಸುಳಿ, ಚರಂಡಿಯ ಅಂಚು ಹಿಡಿದು, ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಯನ್ನು ಸುತ್ತಿ, ಗೋಡೆಯ ಬಿರುಕಿಗೆ ನೇರ ಹೊಕ್ಕಿತು. ಎಲ್ಲೂ ಮೂಗು ತಾಗಲಿಲ್ಲ.

“ಇದಕ್ಕ ಯಾರ್ ಕಲಿಸಿದ್ರಲೇ?” ಎಂದ ಎರ್ರಣ್ಣ.

ಕೊಟ್ರಿ ಕುಕ್ಕರಗಾಲಲ್ಲಿ ಕುಳಿತು, ಇಲಿಯಷ್ಟೇ ಕೆಳಗೆ ತಲೆ ಬಗ್ಗಿಸಿ ನೋಡಿದಳು. ಗಾಲಿಯಿಂದ ಚರಂಡಿಗೆ, ಚರಂಡಿಯಿಂದ ಬಾನಿಗೆ. ದಿನಾ ಇಲ್ಲೇ ಸಾಲಿಗೆ ಹೋಗುತ್ತಿದ್ದರೂ ಇಲ್ಲೊಂದು ಓಣಿ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.