ಮೂರನೇ ಅಧ್ಯಾಯದ ಕಲ್ಲು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ರೈತ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಲ ಅಗೆಯುವಾಗ ಸಿಕ್ಕ ಅಕ್ಷರದ ಕಲ್ಲನ್ನು ಯಾರೋ ಸುತ್ತಿಗೆ ತಂದು ಚೂರುಚೂರು ಮಾಡಿದ್ದಾರೆ ಎಂದ.

“ಕಲ್ಲು ಒಡೆದದ್ದಕ್ಕೆ ದೂರಾ ಯಜಮಾನ್ರೇ? ಹಂಗಾದ್ರೆ ಕ್ವಾರಿಯೋರನ್ನೆಲ್ಲ ಒಳಗೆ ಹಾಕಬೇಕಾಗ್ತದೆ,” ಎಂದು ಪೇದೆ ನಕ್ಕ.

“ನಗಪ್ಪಾ, ನಗು. ಸೋಮವಾರ ಮ್ಯೂಸಿಯಂನೋರು ಬರೋರಿದ್ರು. ಅವರಿಗೀಗ ಜಲ್ಲಿ ತೋರಿಸ್ಲಾ?”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಪಂಚರನ್ನು ಕರೆದುಕೊಂಡು ಹೊಲಕ್ಕೆ ಹೋದರು. ಪಂಚನಾಮೆ ನಡೆಯುತ್ತಿರುವಾಗ ಒಂದು ಚೂರನ್ನೆತ್ತಿ ಬಿಸಿಲಿಗೆ ಹಿಡಿದರು. ಅಕ್ಷರಗಳ ಕುಳಿಯಲ್ಲಿ ಕಾಗದದ ನಾರು ಒಣಗಿ ಅಂಟಿಕೊಂಡಿತ್ತು. ಒಡೆಯಲು ಬಂದವರಿಗೆ ಕಾಗದದ ಕೆಲಸವೇನು?

ಅದನ್ನು ಹೇಳಬಲ್ಲವರೆಂದರೆ ಊರಾಚೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮೇಷ್ಟ್ರು. ಸಾವಿರದ ಮುನ್ನೂರು ವರ್ಷದ ಹಿಂದೆ ಆ ಸೀಮೆ ಆಳಿದ ಅರಸರ ಚರಿತ್ರೆ ಬರೆಯುತ್ತ ಬರೆಯುತ್ತಲೇ ಅವರ ಕಣ್ಣು ಹೋಗಿತ್ತು. ಆಮೇಲಿನದನ್ನೆಲ್ಲ ಅವರು ಹೇಳಿ ಮಗಳು ಬರೆದಿದ್ದಳು. ಪುಸ್ತಕ ಈಗ ಅಚ್ಚಿನಲ್ಲಿತ್ತು.

“ಕಾಗದದ ನಾರಾ?” ಮೇಷ್ಟ್ರ ಮುಖ ಅರಳಿತು. “ಒದ್ದೆ ಕಾಗದ ಹಾಸಿ, ಬ್ರಷ್ಷಲ್ಲಿ ಬಡಿದು, ಮಸಿ ಒತ್ತಿ ಪ್ರತಿ ತೆಗೆದಿದ್ದಾರೆ. ಪ್ರತಿ ತೆಗೆಯದೆ ಶಾಸನದ ಕಲ್ಲನ್ನ ಅಲ್ಲಾಡಿಸಲೂ ಬಾರದು ಅಂತ ನನ್ನ ಹತ್ರ ಕಲಿತವರಿಗೆಲ್ಲ ಬಯ್ದು ಬಯ್ದು ಹೇಳಿದ್ದೆ. ಎಲ್ಲಿ ಸಿಕ್ತು? ನನಗೆ ಯಾರೂ ಹೇಳಲೇ ಇಲ್ಲವಲ್ಲ! ಕೊಡಿ ಇಲ್ಲಿ.”

“ಅಪ್ಪನ ಕೈಗೆ ಕೊಡಬೇಡಿ ಸಾರ್!” ಮಗಳು ಅಡ್ಡ ಬಂದಳು. ಅವಳು ಚಾಚಿದ ಕೈಯ ಉಗುರುಗಳ ಸಂದಿಯಲ್ಲಿ ಮಸಿ ಇತ್ತು. ಅಷ್ಟರಲ್ಲಿ ಚೂರು ಮುದುಕರ ಕೈ ಸೇರಿಯಾಗಿತ್ತು.

ಇನ್ಸ್‌ಪೆಕ್ಟರ್ ಅವಳನ್ನು ಜಗಲಿಗೆ ಕರೆದರು.

“ನೀನೇನಮ್ಮಾ?”

“ಹೂಂ.”

“ಏನು ಬರೆದಿತ್ತು ಅದರಲ್ಲಿ?”

“ಆ ಶಾಸನದ ಕಾಲದ ಅರಸು ಹಿಂದಿನ ಅರಸನ ಮಗ, ವಂಶ ಎಲ್ಲೂ ಕಡೀಲಿಲ್ಲ ಅಂತ ಅಪ್ಪ ಮೂರನೇ ಅಧ್ಯಾಯದಲ್ಲಿ ಬರೆಸಿದ್ದಾರೆ. ಇಡೀ ಪುಸ್ತಕ ನಿಂತಿರೋದೇ ಅದರ ಮೇಲೆ. ಅವನು ಮಗ ಅಲ್ಲ, ದಂಡನಾಯಕ, ಅರಸನನ್ನ ಕೊಂದು ಪಟ್ಟಕ್ಕೆ ಬಂದವನು ಅಂತ ಕಲ್ಲಲ್ಲಿತ್ತು.”

“ಅದಕ್ಕೆ ಒಡೆದುಹಾಕೋದಾ?”

“ತಿಂಗಳು ದಾಟಲ್ಲ ಅಂದಿದ್ದಾರೆ ಡಾಕ್ಟರು. ಗೊತ್ತಾದ್ರೆ ಅಪ್ಪನೇ ಅಚ್ಚು ನಿಲ್ಲಿಸ್ತಾರೆ. ಇದೊಂದಕ್ಕೇ ಜೀವ ಹಿಡಿದಿದ್ದಾರೆ ಸಾರ್, ಒಂದು ಸಲ ಪುಸ್ತಕ ಕೈಯಲ್ಲಿ ಹಿಡೀಲಿ ಅಂತ... ಅವರು ಹೋದ ಮೇಲೆ ಪ್ರತೀನ ನಾನೇ ಮ್ಯೂಸಿಯಮ್ಮಿಗೆ ಒಪ್ಪಿಸ್ತಿದ್ದೆ.” ಅವಳು ಕೈ ಮುಗಿದಳು. “ಜೈಲಿಗೆ ಹಾಕಿ, ಬೇಡ ಅನ್ನಲ್ಲ. ಯಾಕೆ ಒಡೆದೆ ಅನ್ನೋದು ಮಾತ್ರ ಅಪ್ಪನ ಕಿವಿಗೆ ಬೀಳೋದು ಬೇಡ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಆರೋಪಿಯನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. “ಸಾಕ್ಷಿ ಹೇಳೋಕೆ ಕರ್ಕೊಂಡು ಹೋಗ್ತಿದ್ದೀವಿ ಅಂತ ಹೇಳ್ತೀನಿ,” ಎಂದರು. ಸಂಜೆ ನಾಲ್ಕೂವರೆಗೆ ಬಂಧನವಾಯಿತು. ಠಾಣೆಯಿಂದ ಕರೆಸಿದ ಮಹಿಳಾ ಪೇದೆ ಅವಳ ಮೊಣಕೈ ಹಿಡಿದಳು.

“ಮಗಳೇ!” ಒಳಗಿನಿಂದ ದನಿ ಬಂತು. ಮೇಷ್ಟ್ರ ಬೆರಳು ಚೂರಿನ ಮೇಲೆ ನಿಂತುಬಿಟ್ಟಿತ್ತು. “ಅರಸನನ್ನ ಕೊಂದು ಅಂತಿದೆಯಲ್ಲೇ ಇಲ್ಲಿ! ನಾವು ಬರೆದದ್ದು ತಪ್ಪು. ಪ್ರೆಸ್ಸಿಗೆ ಫೋನ್ ಮಾಡು, ಅಚ್ಚು ನಿಲ್ಲಿಸಲಿ. ಬಾ, ಪೆನ್ನು ತಗೋ. ನನಗೆ ಹೊತ್ತಿಲ್ಲ, ಮೂರನೇ ಅಧ್ಯಾಯ ಮೊದಲಿಂದ ಬರೆಯೋಣ.”

ಅವಳು ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಜೀಪಿನ ಕಡೆ ತಿರುಗಿದರು.

“ಬಂದೆ ಅಪ್ಪಾ,” ಎಂದು ನಿಂತಲ್ಲಿಂದಲೇ ಕೂಗಿ, ಅವಳು ಚಪ್ಪಲಿ ಮೆಟ್ಟಿದಳು.